ಸೀಗಡಿಗೆ ಕೊಟ್ಟಿದ್ದನ್ನು ಸೊಪ್ಪಿಗೂ ಕೊಡಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನ ಹೊರವಲಯದಲ್ಲಿ ಇರುವವಳು. 11 ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಮುಂದೆ ಕೂತು, ಬೆನ್ನು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟೆ. ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮೂರು ವರ್ಷದಿಂದ ನಾವಿಬ್ಬರೂ ಹುಡುಕುತ್ತಿರುವುದು ಒಂದೇ. ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಹಾಕಲು ಒಂದು 20 ಗುಂಟೆ ಜಮೀನು. ಪುಕ್ಕಟೆ ಕೇಳುತ್ತಿಲ್ಲ. ಗುತ್ತಿಗೆ ದುಡ್ಡು ಕೊಡುತ್ತೇವೆ, ವರ್ಷದ್ದು ಮುಂಗಡವಾಗಿಯೇ ಕೊಡುತ್ತೇವೆ. ಬೀಳು ಬಿದ್ದ ಜಮೀನೂ ಕಣ್ಣೆದುರಿಗೇ ಇದೆ. ಆದರೂ ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಅಂತ ನಿಮ್ಮ ಇಲಾಖೆಗೆ ಹೇಳೋಣ, ಕೃಷಿ ಜಮೀನು ಗುತ್ತಿಗೆಗೆ ಕೊಡಬಾರದು ಅನ್ನುವ ಕಾನೂನಿನಲ್ಲಿ ಸೀಗಡಿ ಸಾಕಲು ಕೊಟ್ಟ ವಿನಾಯಿತಿಯನ್ನು ಸೊಪ್ಪಿಗೂ ಕೇಳೋಣ ಅಂತ ಈ ಪತ್ರ.

20 ಗುಂಟೆ ಅಂದರೆ ಅರ್ಧ ಎಕರೆ. ಒಂದು ಗುಂಟೆ 33 ಅಡಿಗೆ 33 ಅಡಿ. "ಇಷ್ಟರಲ್ಲಿ ಏನು ಬೆಳೀತೀಯಮ್ಮ?" ಅಂತ ನಕ್ಕವರಿದ್ದಾರೆ. ರಾಗಿ ಬಿತ್ತಿದರೆ ನಗಬೇಕಾದ್ದೇ. ಸೊಪ್ಪಿನ ಲೆಕ್ಕ ಬೇರೆ. ಮೆಂತ್ಯ 25-30 ದಿನಕ್ಕೆ ಕೀಳಲು ಬರುತ್ತದೆ. ದಂಟು ಹೆಚ್ಚುಕಮ್ಮಿ ಅಷ್ಟೇ. ಕೊತ್ತಂಬರಿಗೆ 40-45 ದಿನ, ಮೂಲಂಗಿಗೆ ಒಂದೂವರೆ ತಿಂಗಳು. ಎಲ್ಲ ಒಟ್ಟಿಗೆ ಬಿತ್ತಿದರೆ ಒಂದೇ ದಿನ ರಾಶಿ ಬಂದು ಕೈ ಸುಡುತ್ತದೆ. ವಾರಕ್ಕೆ ಎರಡೆರಡು ಮಡಿ ಹಾಕುತ್ತಾ ಹೋಗಬೇಕು. ಆಗ ದಿನಾ ಬೆಳಗ್ಗೆ ನೂರಿನ್ನೂರು ಕಟ್ಟು ಏಳುತ್ತದೆ, ದಿನಾ ಕೈಗೆ ಕಾಸು ಬರುತ್ತದೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣ. ಅದಕ್ಕೆ ಮರಳು ಬೆರೆಸಿ ಚೆಲ್ಲಬೇಕು, ಇಲ್ಲದಿದ್ದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಕೊತ್ತಂಬರಿ ಬೀಜವನ್ನು ನೆಲದ ಮೇಲೆ ಹರಡಿ ಚಪ್ಪಲಿಯಲ್ಲಿ ಉಜ್ಜಿ ಹೋಳು ಮಾಡಬೇಕು. ಇದೆಲ್ಲ ಅವ್ವ ಕಲಿಸಿದ್ದು. ನಾನು ಎಂಟು ವರ್ಷದವಳಿದ್ದಾಗಲೇ ರಾತ್ರಿ ಮೂರು ಗಂಟೆಗೆ ಎದ್ದು, ಇಬ್ಬನಿ ಹಿಡಿದ ಸೊಪ್ಪನ್ನು ಬಾಳೆ ನಾರಿನಲ್ಲಿ ಕಟ್ಟುತ್ತಿದ್ದೆ. ಕೈ ಮರಗಟ್ಟುತ್ತಿತ್ತು. ಆ ಕೆಲಸ ಮರೆಯುವಂಥದ್ದಲ್ಲ.

ಅವ್ವನ ತವರಿನದು ಒಂದು ಎಕರೆ ಹತ್ತು ಗುಂಟೆ ಇತ್ತು. ಅದು ಬಂದದ್ದು ಹೇಗೆ ಗೊತ್ತಾ? ಅಜ್ಜ ಗೇಣಿದಾರ. ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿ ಬಂತಲ್ಲ, 1974ರ ಮಾರ್ಚ್ 1ರಿಂದ ಜಾರಿಗೆ ಬಂದದ್ದು, ಆಗ ಅಜ್ಜ ಫಾರಂ ನಂಬರ್ 7, ಅಂದರೆ ಗೇಣಿಗೆ ಉಳುವ ಜಮೀನು ತನ್ನ ಹೆಸರಿಗೆ ಬೇಕು ಅನ್ನುವ ಅರ್ಜಿ, ಹಾಕಿದರು. ಭೂ ನ್ಯಾಯಮಂಡಳಿ ಮುಂದೆ ನಿಂತು, ಉಳುತ್ತಿದ್ದ ಜಮೀನನ್ನೇ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಕ್ಷರ ಬಾರದ ಮನುಷ್ಯ, ಆ ಆದೇಶದ ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ನಾನು ಆ ಸೊಪ್ಪಿನ ಅನ್ನ ತಿಂದು ಬೆಳೆದವಳು. ಹಾಗಾಗಿ ಈ ಕಾನೂನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಕೇಳುವುದು ಅದೇ ಕಾನೂನಿನಲ್ಲಿ ಒಂದು ಸಣ್ಣ ಬದಲಾವಣೆ.

ಆಮೇಲೆ ಆ ಜಮೀನು ಬಡಾವಣೆಗೆ ಹೋಯಿತು. ಪರಿಹಾರದ ದುಡ್ಡು ಐದು ಮಕ್ಕಳಿಗೆ ಹಂಚಿ ಕರಗಿತು. ಮೈಸೂರಿನ ಅಂಚಿನಲ್ಲಿ ಇದು ಹೊಸ ಕತೆಯಲ್ಲ. ಈರನಗೆರೆ ಬದನೆಕಾಯಿ ಅಂತ ಹಳಬರು ಈಗಲೂ ಬಾಯಿ ಚಪ್ಪರಿಸುತ್ತಾರೆ. ಈರನಗೆರೆಗೆ ಹೋಗಿ ನೋಡಿ, ಮನೆ ಮೇಲೆ ಮನೆ. ಬದನೆ ಹೆಸರಿನಲ್ಲಿ ಮಾತ್ರ ಊರು ಉಳಿದಿದೆ.

ಈಗ ನನ್ನ ಹುಡುಕಾಟಕ್ಕೆ ಬರುತ್ತೇನೆ.

ಮೊದಲು ಕಂಡದ್ದು ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಒಂದೂವರೆ ಎಕರೆ. ಕೆಂಪು ಮಣ್ಣು, ಬೋರ್‌ವೆಲ್ ಇದೆ, ಕರೆಂಟ್ ಇದೆ. ಆರು ವರ್ಷದಿಂದ ಪಾರ್ಥೇನಿಯಂ ಎದೆಮಟ್ಟ ಬೆಳೆದು ನಿಂತಿದೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡೆ. (ಆ ಆ್ಯಪ್ ಮಾಡಿದವರಿಗೆ ಒಂದು ನಮಸ್ಕಾರ. ಜಮೀನಿನ ಮೇಲೆ ನಿಂತರೆ ಸಾಕು, ನಂಬರ್ ಬರುತ್ತದೆ.) ಪಹಣಿ ತೆಗೆಸಿ, ಮಾಲೀಕರು ಬೆಂಗಳೂರಿನಲ್ಲಿದ್ದಾರೆ ಅಂತ ತಿಳಿದು, ಫೋನ್ ಮಾಡಿದೆ. ನಿವೃತ್ತ ಮೇಷ್ಟ್ರು, ತುಂಬ ಸಜ್ಜನರು. ಎಲ್ಲ ಕೇಳಿಸಿಕೊಂಡು, "ಆಸೆ ನೋಡಿದ್ರೆ ಕೊಡಬೇಕು ಅನ್ಸುತ್ತಮ್ಮ. ಆದ್ರೆ ನಾಳೆ ನೀನು ಫಾರಂ ಏಳು ಹಾಕಿಬಿಟ್ರೆ?" ಅಂದರು.

ನಗು ಬಂತು, ಅಳುವೂ ಬಂತು. ಫಾರಂ 7 ಹಾಕುವ ಗಡುವು 1979ರ ಜೂನ್‌ಗೇ ಮುಗಿದಿದೆ. ನಾನು ಹುಟ್ಟುವ ಮೊದಲೇ ಮುಗಿದ ಗಡುವಿಗೆ ಈಗಲೂ ಹೆದರಿ ಜಮೀನು ಬೀಳು ಬಿಟ್ಟಿದ್ದಾರೆ. ನಾನು ಅದನ್ನೇ ಹೇಳಿದೆ. ಅವರು ಬಿಡಲಿಲ್ಲ. "ಫಾರಂ ಇಲ್ಲದಿರಬಹುದು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ನಿನ್ನ ಹೆಸರು ಒಂದು ಸಲ ಕೂತ್ರೆ, ತೆಗೆಸೋಕೆ ನಾನು ಕೋರ್ಟಿಗೆ ಅಲೀಬೇಕು. ವಯಸ್ಸಾಗಿದೆ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಾರು ಬರೆದುಕೊಡುತ್ತೇನೆ ಅಂದೆ. ಗೊತ್ತಿದ್ದ ವಕೀಲರನ್ನು ಕೇಳಿದರೆ, ಆ ಕರಾರೇ ನಿಲ್ಲುವುದಿಲ್ಲ ಅಂದರು. ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಕೊಟ್ಟವರಿಗೂ ತಪ್ಪು, ಪಡೆದವರಿಗೂ ನೆಲೆ ಇಲ್ಲ.

ಹಾಗಂತ ಯಾರೂ ಗುತ್ತಿಗೆಗೆ ಮಾಡುತ್ತಿಲ್ಲವೇ? ನಿಮಗೇ ಗೊತ್ತಿದೆ ಸ್ವಾಮಿ. ನಮ್ಮ ಕಡೆ ವಾರ ಅನ್ನುತ್ತಾರೆ, ಬೇರೆ ಕಡೆ ಕೋರು, ಉತ್ತರ ಕರ್ನಾಟಕದಲ್ಲಿ ಲಾವಣಿ, ಕರಾವಳಿಯಲ್ಲಿ ಗೇಣಿ. ಕಾನೂನಿನಲ್ಲಿ ಇಲ್ಲದ ವ್ಯವಹಾರಕ್ಕೆ ಊರಿಗೊಂದು ಹೆಸರಿದೆ. ಎಲ್ಲ ಬಾಯಿಮಾತು. ವರ್ಷಕ್ಕೊಮ್ಮೆ, ಅದೂ ಮಾಲೀಕರ ಮರ್ಜಿ.

ನಾನೂ ಕೊನೆಗೆ ಹಾಗೇ ಮಾಡಿದೆ. ಪಕ್ಕದ ಊರಿನ ಒಬ್ಬ ಹಿರಿಯರು 20 ಗುಂಟೆ ಕೊಟ್ಟರು. ವರ್ಷಕ್ಕೆ 15 ಸಾವಿರ, ಎಲೆ ಅಡಿಕೆ ಮೇಲೆ ಮಾತಾಯಿತು. ನೆಲ ಗಟ್ಟಿಯಾಗಿತ್ತು. ನಾಲ್ಕು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹೊಡೆಸಿ, ಎರಡು ಸಲ ಉಳುಮೆ ಮಾಡಿಸಿ, ಮಡಿ ಕಟ್ಟಲು ಒಂದೂವರೆ ತಿಂಗಳು ಹಿಡಿಯಿತು. ಮೊದಲ ಬೆಳೆ ಸುಮಾರಾಗಿತ್ತು. ಎರಡನೆಯದು ಚೆನ್ನಾಗಿ ಬಂತು. ಆ ಗೊಬ್ಬರ ಮಣ್ಣಿಗೆ ಹಿಡಿಯಲು ಅಷ್ಟು ಸಮಯ ಬೇಕು. ಯಾವ ಬೆಳೆಗಾರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ: ಮೊದಲ ವರ್ಷ ಮಣ್ಣಿಗೆ ನಾವು ಹಾಕಬೇಕು, ಎರಡನೇ ವರ್ಷದಿಂದ ಅದು ಕೊಡುತ್ತದೆ.

ಎರಡನೇ ವರ್ಷ ಬರಲೇ ಇಲ್ಲ. ಮಧ್ಯೆ ಹಿಂಗಾರಿನ ಮಳೆ ನಾಲ್ಕು ದಿನ ಬಿಡದೆ ಹೊಡೆದು ದಂಟು, ಪಾಲಕ್ ಎಲ್ಲ ಕೊಳೆತುಹೋಯಿತು. ಬೆಳೆ ಹಾನಿ ನೋಡಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಪಹಣಿ ಯಾರ ಹೆಸರಲ್ಲಿದೆ?" ನನ್ನ ಹೆಸರಲ್ಲಿ ಇಲ್ಲ. ಪಹಣಿ ಇಲ್ಲ ಅಂದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ನಂಬರ್, ಇಲ್ಲ. ಫ್ರೂಟ್ಸ್ ಐಡಿ ಇಲ್ಲ ಅಂದರೆ ಪರಿಹಾರವೂ ಇಲ್ಲ, ಹನಿ ನೀರಾವರಿ ಸಹಾಯಧನವೂ ಇಲ್ಲ, ಸೊಸೈಟಿಯ ಬಡ್ಡಿ ಇಲ್ಲದ ಸಾಲವೂ ಇಲ್ಲ. ಬಂದಿದ್ದರೂ ದುಡ್ಡು ಹೋಗುತ್ತಿದ್ದದ್ದು ಮಾಲೀಕರ ಖಾತೆಗೆ. ಬಂದ ಹುಡುಗನನ್ನು ಬೈಯಲಾರೆ, ಅವನು ಮೊಬೈಲ್‌ನಲ್ಲಿ ಇದ್ದ ಜಾಗ ತುಂಬಬೇಕಿತ್ತು. ಅದರಲ್ಲಿ ನನಗೆ ಜಾಗವೇ ಇರಲಿಲ್ಲ.

ಎಂಟನೇ ತಿಂಗಳಿಗೆ ಹಿರಿಯರ ಮಗ ಬಂದ. ಯಾರೋ ಜಮೀನು ಕೇಳುತ್ತಿದ್ದಾರೆ, ನೋಡಲು ಬರುತ್ತಾರೆ, ಖಾಲಿ ಮಾಡಿ ಅಂದ. ಮಡಿಯಲ್ಲಿ 12 ದಿನದ ಮೆಂತ್ಯ ಇತ್ತು, ಎರಡೆಲೆ ಬಿಟ್ಟು ಮೂರನೆಯದು ಒಡೆಯುತ್ತಿತ್ತು. ಇನ್ನೊಂದು ಹದಿನೈದು ದಿನ ಕೊಡಪ್ಪ ಅಂದೆ. ಹಿರಿಯರು ಪಕ್ಕದಲ್ಲೇ ನಿಂತಿದ್ದರು, ನೆಲ ನೋಡುತ್ತಿದ್ದರು. ನಮ್ಮ ಯಜಮಾನರು ಪೈಪು ಸುತ್ತಿ ಆಟೋಗೆ ಹಾಕಿದರು. ಗೊಬ್ಬರ ಸುತ್ತಿಕೊಂಡು ಬರಲು ಆಗಲಿಲ್ಲ.

ಸರಿ, ಕೊಂಡುಬಿಡೋಣ ಅಂದುಕೊಂಡೆವು. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಸೆಕ್ಷನ್ ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಲ್ಲ. ಕಾಗದದ ಪ್ರಕಾರ ನಾನು ಕೃಷಿಕಳಲ್ಲ, ಹಾಗಾಗಿ ಆ ಬಾಗಿಲು ನನಗೂ ತೆರೆಯಿತು. ಆದರೆ ಅದೇ ಬಾಗಿಲಿನಲ್ಲಿ ನಮಗಿಂತ ಮುಂಚೆ ಕಾರುಗಳು ಬಂದಿದ್ದವು. ಊರ ಸುತ್ತ ಈಗ ಫಾರ್ಮ್ ಪ್ಲಾಟ್ ಬೋರ್ಡು. ಐದು ಗುಂಟೆ, ಹತ್ತು ಗುಂಟೆ, ಒಂದು ಗೇಟು, ನಾಲ್ಕು ತೆಂಗಿನ ಸಸಿ, ಭಾನುವಾರ ಬರುವ ಯಜಮಾನ. ಅಲ್ಲಿ ಎಕರೆ ಬೆಲೆ ಕೇಳಿ ನಾವು ಎರಡನೇ ಮಾತಾಡದೆ ಬಂದೆವು. ದುಡ್ಡಿದ್ದವರು ಕೃಷಿ ಜಮೀನನ್ನು ಕೊಂಡು ಸುಮ್ನೆ ಬಿಡಬಹುದು, ಅದು ಕಾನೂನು. ದುಡಿಯುವವರು ಅದನ್ನೇ ಗುತ್ತಿಗೆಗೆ ಪಡೆದು ಬೆಳೆದರೆ ಕಾನೂನಿಗೆ ವಿರುದ್ಧ. ಇದು ನ್ಯಾಯವೇ ಅಂತ ನೀವೇ ಹೇಳಬೇಕು.

ಸ್ವಲ್ಪ ದೂರದ ಹಳ್ಳಿಯಲ್ಲಿ ಹತ್ತು ಗುಂಟೆ ನಮ್ಮ ಕೈಗೆಟುಕುವ ಬೆಲೆಗೆ ಸಿಕ್ಕಿತು. ಚೀಟಿ ದುಡ್ಡು, ನನ್ನ ಪಿಎಫ್ ದುಡ್ಡು ಸೇರಿಸಿದೆವು. ಪಹಣಿ ತೆಗೆಸಿದರೆ ಒಂದು ಎಕರೆ 24 ಗುಂಟೆ, ಜಂಟಿ, ಆರು ಹೆಸರು. ಆರರಲ್ಲಿ ಇಬ್ಬರು ತೀರಿಕೊಂಡು ವರ್ಷಗಳಾಗಿವೆ, ಪೌತಿ ಖಾತೆ ಆಗಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿಲ್ಲ. ಭಾಗ ಮಾಡಿ ಕೊಳ್ಳಬೇಕು ಅಂದರೆ ಆ ಭಾಗವನ್ನು ಅಳೆದು ಮಾಡುವ 11ಇ ನಕ್ಷೆ ಬೇಕು. ಅರ್ಜಿ ಹಾಕಿ ಐದು ತಿಂಗಳು ಅಲೆದೆವು. ಒಂದು ಸಲ ಮೂಲ ಟಿಪ್ಪಣಿ, ಅಂದರೆ ಹಳೆಯ ಅಳತೆಯ ದಾಖಲೆ, ಸಿಗುತ್ತಿಲ್ಲ ಅಂದರು. ಇನ್ನೊಂದು ಸಲ ಸರ್ವೆಯವರ ವಿಸ್ತೀರ್ಣದ ದಾಖಲೆಯಾದ ಆಕಾರಬಂದ್‌ಗೂ ಪಹಣಿಗೂ ತಾಳೆ ಆಗುತ್ತಿಲ್ಲ, ಮೂರು ಗುಂಟೆ ವ್ಯತ್ಯಾಸ ಇದೆ ಅಂದರು. ಅಳತೆಗೆ ಬಂದ ಸರ್ವೆಯರ್ ಒಳ್ಳೆಯವರು. ಬಿಸಿಲಲ್ಲಿ ನಿಂತು ಕಲ್ಲು ಹುಡುಕಿದರು. ಕಲ್ಲು ಇರಲಿಲ್ಲ. ಎರಡು ದಾಖಲೆಯೂ ನಿಮ್ಮ ಇಲಾಖೆಯವೇ, ಅವು ಒಂದಕ್ಕೊಂದು ಜಗಳವಾಡಿದರೆ ಅಲೆಯುವುದು ನಾವು. ಅಷ್ಟರಲ್ಲಿ ಮಾರುವವರಿಗೆ ಅರ್ಜೆಂಟ್ ಆಗಿ, ಇಡೀ ಸರ್ವೆ ನಂಬರನ್ನೇ ಒಬ್ಬರಿಗೆ ಕೊಟ್ಟರು. ಇಡೀ ನಂಬರ್ ಕೊಂಡರೆ 11ಇ ಬೇಕಾಗಿಲ್ಲವಲ್ಲ. ದೊಡ್ಡದಾಗಿ ಕೊಳ್ಳುವವರಿಗೆ ದಾರಿ ಸಲೀಸು. ಹತ್ತು ಗುಂಟೆಯವರಿಗೆ ಎಲ್ಲ ಕಾಗದವೂ ಬೇಕು.

ಇಷ್ಟಾದ ಮೇಲೆ ನಾನು ಆ 5ನೇ ಸೆಕ್ಷನ್ ಓದಿಸಿಕೊಂಡೆ. ನಿಷೇಧಕ್ಕೆ ವಿನಾಯಿತಿಗಳೂ ಇವೆ. ಸೈನಿಕರು, ಹಡಗಿನ ಕೆಲಸಗಾರರು ತಮ್ಮ ಜಮೀನು ಗೇಣಿಗೆ ಕೊಡಬಹುದು. ಅದು ಸರಿಯೇ, ಅವರು ಊರಲ್ಲಿ ಇರುವುದಿಲ್ಲ. ಇನ್ನೊಂದು ವಿನಾಯಿತಿ 1995ರಲ್ಲಿ ಸೇರಿದ್ದು. ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಮೀನು, ಸೀಗಡಿ ಸಾಕಲು ಜಮೀನು ಗುತ್ತಿಗೆಗೆ ಕೊಡಬಹುದು. ಓದಿದವರನ್ನು ಇನ್ನೊಂದು ಸಲ ಓದಿ ಅಂದೆ. ಸೀಗಡಿಗೆ ಕೊಡಬಹುದು, ಸೊಪ್ಪಿಗೆ ಕೊಡಬಾರದು! ಇನ್ನು ಮಲೆನಾಡಿನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ತೋಟ ಮಾಡಿದವರಿಗೆ 25 ಎಕರೆವರೆಗೂ 30 ವರ್ಷದ ಗುತ್ತಿಗೆಗೆ ಸರ್ಕಾರವೇ ದಾರಿ ಮಾಡಿದೆ. ಅವರ ಕಷ್ಟ ಅವರದು, ನಾನು ಅದರ ತಂಟೆಗೆ ಹೋಗುವುದಿಲ್ಲ. ಒತ್ತುವರಿ ಮಾಡದೆ ಕೇಳಿಕೊಂಡು ಬಂದವಳಿಗೆ ಅರ್ಧ ಎಕರೆ ಐದು ವರ್ಷಕ್ಕೆ ಸಿಗುವ ದಾರಿ ಯಾವುದು ಅಂತ ಮಾತ್ರ ಕೇಳುತ್ತಿದ್ದೇನೆ.

ಬೇರೆಯವರು ಯೋಚನೆ ಮಾಡಿಲ್ಲ ಅಂತಲ್ಲ. 2016ರಲ್ಲಿ ನೀತಿ ಆಯೋಗ ಟಿ. ಹಕ್ ಸಮಿತಿಯಿಂದ ಮಾದರಿ ಗುತ್ತಿಗೆ ಕಾಯ್ದೆಯನ್ನೇ ಬರೆಸಿತು. ಮಾಲೀಕರ ಹಕ್ಕಿಗೆ ಧಕ್ಕೆ ಬಾರದಂತೆ, ಗುತ್ತಿಗೆದಾರನಿಗೆ ಸಾಲ, ವಿಮೆ, ಪರಿಹಾರ ಸಿಗುವಂತೆ. ಆಂಧ್ರದಲ್ಲಿ 2019ರ ಕಾಯ್ದೆಯ ಪ್ರಕಾರ ಮಾಲೀಕರ ಒಪ್ಪಿಗೆ ಮೇಲೆ ಬೆಳೆಗಾರನಿಗೆ 11 ತಿಂಗಳ ಕಾರ್ಡ್ ಕೊಡುತ್ತಾರೆ. ಕೇರಳದಲ್ಲಿ ನಮ್ಮ ಹಾಗೇ ಗೇಣಿ ನಿಷೇಧ ಇದ್ದರೂ ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘಗಳ ಹೆಂಗಸರು ಗುಂಪು ಕಟ್ಟಿಕೊಂಡು ಬೀಳು ಜಮೀನು ಪಡೆದು ಭತ್ತ, ತರಕಾರಿ ಬೆಳೆಯುತ್ತಾರೆ, ಬ್ಯಾಂಕು ಗುಂಪಿಗೆ ಸಾಲ ಕೊಡುತ್ತದೆ. ನಮ್ಮಲ್ಲೂ ಊರೂರಿಗೆ ಸ್ತ್ರೀಶಕ್ತಿ ಸಂಘಗಳಿವೆ. ಅವರನ್ನು ಉಪ್ಪಿನಕಾಯಿ, ಹಪ್ಪಳಕ್ಕೇ ಯಾಕೆ ನಿಲ್ಲಿಸಬೇಕು?

ನಾನು ಕೇಳುವುದು ದೊಡ್ಡದಲ್ಲ. 5ನೇ ಸೆಕ್ಷನ್‌ಗೆ ಇನ್ನೊಂದು ವಿನಾಯಿತಿ ಸೇರಿಸಿ. ಸೊಪ್ಪು, ತರಕಾರಿ, ಹೂವು ಬೆಳೆಯಲು ಒಂದು ಎಕರೆ ಮೀರದಂತೆ, ಮೂರರಿಂದ ಐದು ವರ್ಷಕ್ಕೆ, ಬರಹದಲ್ಲಿ ಗುತ್ತಿಗೆ ಕೊಡಬಹುದು ಅಂತ. ಒಂದು ಎಕರೆ ಮಿತಿ ಯಾಕೆ ಅಂದರೆ, ಕಂಪನಿಗಳು ಬಂದು ಊರನ್ನೇ ಗುತ್ತಿಗೆಗೆ ಹಿಡಿಯುವುದು ನನಗೂ ಬೇಡ. ಅಜ್ಜನ ಕಾಲದ ಕಾನೂನು ತಡೆದದ್ದು ಅದನ್ನೇ, ಅದು ಹಾಗೇ ಇರಲಿ. ಕರಾರು ಗ್ರಾಮ ಪಂಚಾಯಿತಿಯಲ್ಲೇ ನೋಂದಣಿ ಆಗಲಿ, ನೂರಿನ್ನೂರು ರೂಪಾಯಿ ಶುಲ್ಕದಲ್ಲಿ. ಇದರಿಂದ ಗೇಣಿ ಹಕ್ಕು ಹುಟ್ಟುವುದಿಲ್ಲ, 12ನೇ ಕಾಲಂಗೆ ಹೆಸರು ಹೋಗುವುದಿಲ್ಲ ಅಂತ ಅದರಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಮಾಲೀಕರು ಓದಬೇಕಾದ್ದು ಆ ಒಂದು ಸಾಲು. ಅವಧಿಗೆ ಮೊದಲು ಬಿಡಿಸಬೇಕಾದರೆ ನಿಂತ ಬೆಳೆ ಕೊಯ್ಯುವವರೆಗೆ ಸಮಯ ಕೊಡಬೇಕು ಅಂತಲೂ ಇರಲಿ. ನಮ್ಮ ಬೆಳೆ ವರ್ಷದ್ದಲ್ಲ, ಹೆಚ್ಚೆಂದರೆ ಎರಡು ಮೂರು ತಿಂಗಳು.

ಆ ಕರಾರಿನ ಮೇಲೆ ಬೆಳೆಯುವವರಿಗೂ ಫ್ರೂಟ್ಸ್‌ನಲ್ಲಿ ಒಂದು ನಂಬರ್ ಕೊಡಿ. ಮಾಲೀಕರದ್ದು ಅವರಿಗೇ ಇರಲಿ, ನಮ್ಮದು ಬೇರೆ ಇರಲಿ. ಮಳೆಗೆ ಹೋದದ್ದು ನನ್ನ ದಂಟು, ಪರಿಹಾರವೂ ನನಗೇ ಬರಬೇಕು ಅಲ್ವಾ? ಇದಕ್ಕೆ ತೋಟಗಾರಿಕೆ, ಕೃಷಿ ಇಲಾಖೆ ಜೊತೆ ನೀವು ಮಾತಾಡಬೇಕಾಗುತ್ತದೆ.

11ಇ, ಪೋಡಿ (ಸರ್ವೆ ನಂಬರ್ ಭಾಗ ಮಾಡುವುದು) ವಿಷಯ ಜಾಸ್ತಿ ಹೇಳುವುದಿಲ್ಲ, ನಿಮಗೆ ಬರುವ ಅರ್ಜಿಗಳಲ್ಲಿ ಅರ್ಧ ಅದೇ ಇರಬೇಕು. ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ 2011ರ ಸಕಾಲ ಕಾಯ್ದೆ ಬಂದು ಇಷ್ಟು ವರ್ಷವಾಯಿತು. ಅರ್ಜಿ ವಾಪಸ್ ಕಳಿಸುವಾಗ ಕಾರಣವನ್ನು ಬರೆದು ಕೊಡಲಿ. ಟಿಪ್ಪಣಿ ಕಳೆದಿದ್ದರೆ ಇಲಾಖೆಯೇ ಹೊಸದಾಗಿ ಅಳೆದು ಮಾಡಲಿ, ನಮ್ಮನ್ನು ಹುಡುಕಿಕೊಂಡು ಬಾ ಅನ್ನದಿರಲಿ.

ಇನ್ನೊಂದು ಮಾತು. ಬಡಾವಣೆ ಮಾಡುವಾಗ ಶಾಲೆಗೆ, ಆಸ್ಪತ್ರೆಗೆ ಅಂತ ಬಿಟ್ಟ ಸಿಎ ನಿವೇಶನಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ. ಕಟ್ಟಡ ಬರುವವರೆಗೆ ಆ ಜಾಗದಲ್ಲಿ ಸೊಪ್ಪು ಬೆಳೆಯಲು ಹೆಂಗಸರ ಸಂಘಗಳಿಗೆ ಕೊಡಬಹುದು. ಈಗ ಅಲ್ಲಿ ಬೆಳೆಯುತ್ತಿರುವುದು ಕಸ. ಇದು ನಗರಾಭಿವೃದ್ಧಿ ಇಲಾಖೆಗೆ ಸೇರಿದ್ದು, ನಿಮ್ಮದಲ್ಲ ಅಂತ ಗೊತ್ತು. ಸಂಪುಟದಲ್ಲಿ ಪಕ್ಕದಲ್ಲೇ ಕೂರುತ್ತೀರಲ್ಲ, ಒಂದು ಮಾತು ಹೇಳಿ.

ಕಳೆದ ವಾರ ಆ ಮೇಷ್ಟ್ರು ತಾವಾಗೇ ಫೋನ್ ಮಾಡಿದ್ದರು. ಪಾರ್ಥೇನಿಯಂ ತೆಗೆಸು ಅಂತ ಪಕ್ಕದ ಜಮೀನಿನವರು ತಕರಾರು ಮಾಡಿದ್ದಾರಂತೆ, ಕೂಲಿ ಆಳು ಗೊತ್ತಾ ಅಂತ ಕೇಳಿದರು. ಮಾತು ಮುಗಿಸುವಾಗ, "ಸರ್ಕಾರದ್ದು ಒಂದು ಕಾಗದ ತಗೊಂಡು ಬಾಮ್ಮ, ಅವತ್ತೇ ಸ್ಟಾರ್ಟರ್ ಪೆಟ್ಟಿಗೆ ಬೀಗದ ಕೈ ಕೊಡ್ತೀನಿ" ಅಂದರು. ದಂಟಿನ ಬೀಜ ಡಬ್ಬಿಯಲ್ಲಿ ಬೂದಿ ಬೆರೆಸಿ ಇಟ್ಟಿದ್ದೇನೆ. ಮುಂದಿನ ಮುಂಗಾರಿನವರೆಗೆ ಕೆಡುವುದಿಲ್ಲ. ಆ ಕಾಗದ ಯಾವಾಗ ಸಿಗುತ್ತದೆ ಅಂತ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಜಮೀನಿಲ್ಲದ ಒಬ್ಬ ಸೊಪ್ಪು ಬೆಳೆಗಾರ್ತಿ
ಮೈಸೂರು